ಟೆಂಟ್‌ನ ಮಕ್ಕಳಿಗೂ ಶಾಲೆ: ಕಾನೂನು ಉಂಟು, ಕೇಳುವವರು ಯಾರು?

ಬಂಟ್ವಾಳ: ಕರಾವಳಿಯಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೇ. ಮಳೆ ಹಿಡಿದರೆ ಕೆಂಪುಕಲ್ಲು ಕೋರೆ, ರಸ್ತೆ, ಕಟ್ಟಡದ ಕೆಲಸ ಬಂದ್. ಘಟ್ಟದ ಮೇಲಿಂದ ಬಂದ ಕೂಲಿ ಕುಟುಂಬಗಳಲ್ಲಿ ಹಲವು ಆಗ ಊರಿಗೆ ಹೋಗಿ, ದಸರಾ-ದೀಪಾವಳಿ ಕಳೆದ ಮೇಲೆ ವಾಪಸ್ ಬಂದು ಟೆಂಟ್ ಹಾಕುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಆ ಕುಟುಂಬದ ಮಗು ಶಾಲೆಯ ಲೆಕ್ಕಕ್ಕೆ ಸಿಗುವುದೇ ಕಷ್ಟ. ಜೂನ್‌ನಲ್ಲಿ ದಾಖಲಾತಿ ನಡೆಯುವಾಗ ಅದು ಇಲ್ಲಿರುವುದಿಲ್ಲ. ನವೆಂಬರ್‌ನಲ್ಲಿ ಬಂದಾಗ ಹುಡುಕುವವರಿರುವುದಿಲ್ಲ.

ಶಾಲೆಯ ತನಕ ಹೋದವರಿಗೂ ಮೂರು ಮಾತು ಎದುರಾಗಬಹುದು. ಅಡ್ಮಿಷನ್ ಮುಗೀತು, ಟಿಸಿ ತನ್ನಿ, ಆಧಾರ್ ಎಲ್ಲಿ? ಮೂರಕ್ಕೂ ಕಾನೂನಿನಲ್ಲಿ ಉತ್ತರ ಉಂಟು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಅವಧಿ ಮುಗಿಯಿತೆಂದು 6ರಿಂದ 14 ವರ್ಷದ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಟಿಸಿ ತಡವಾದರೂ ಸೇರಿಸಿಕೊಳ್ಳಬೇಕು ಎನ್ನುತ್ತದೆ 5ನೇ ಸೆಕ್ಷನ್. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣವೂ ನಡೆಯುವುದಿಲ್ಲ ಎನ್ನುತ್ತದೆ 14ನೇ ಸೆಕ್ಷನ್. ಇನ್ನು ಶಾಲೆಗೆ ಸೇರಲು ಆಧಾರ್ ಕಡ್ಡಾಯ ಅಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿಯಾಗಿದೆ.

ಹಾಗಾದರೆ ತೊಡಕು ಎಲ್ಲಿ? ಹಕ್ಕು ಕಾಗದದಲ್ಲಿದೆ, ಕೇಳುವವರು ಬೇಕು. ರಾಜ್ಯದಲ್ಲಿ ಅದನ್ನು ಕೇಳಿದ್ದು ಹೈಕೋರ್ಟ್. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಬಂದ ಪತ್ರಿಕಾ ವರದಿ ನೋಡಿ 2013ರಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಹಿರಿಯ ವಕೀಲ ಕೆ.ಎನ್. ಫಣೀಂದ್ರ ನ್ಯಾಯಾಲಯಕ್ಕೆ ಸಹಾಯಕರಾಗಿ ವಾದಿಸಿದರು. ಅಲ್ಲಿವರೆಗೆ 60 ದಿನ ಗೈರಾದರಷ್ಟೇ ಮಗು ಶಾಲೆ ಬಿಟ್ಟಿತೆಂದು ಲೆಕ್ಕ. ಈ ಪ್ರಕರಣದ ನಂತರ ಅದು 7 ದಿನಕ್ಕೆ ಇಳಿಯಿತು. ಟೆಂಟ್‌ನ ಮಕ್ಕಳಿಗೆ ಇದು ಸಣ್ಣ ಬದಲಾವಣೆ ಅಲ್ಲ. ಎರಡು ತಿಂಗಳು ಕಾದರೆ ಕುಟುಂಬ ಜಿಲ್ಲೆಯನ್ನೇ ದಾಟಿರುತ್ತದೆ.

ಅದೇ ಪ್ರಕರಣದಲ್ಲಿ ಮನೆ ಮನೆ ಸಮೀಕ್ಷೆಯೂ ನಡೆಯಿತು. ಒಳ್ಳೆಯದೇ, ಆದರೆ ತಟ್ಟಲು ಬಾಗಿಲೇ ಇಲ್ಲದ ಟೆಂಟ್‌ನ ಮಕ್ಕಳು ಮನೆ ಮನೆ ಸಮೀಕ್ಷೆಯಲ್ಲಿ ಎಷ್ಟು ಸಿಕ್ಕಾರು? ಬೀದಿ ಬದಿಯ ಮಕ್ಕಳ ವಿಷಯವನ್ನು ಸುಪ್ರೀಂ ಕೋರ್ಟ್ ಕೂಡ 2021ರಲ್ಲಿ ತಾನಾಗಿಯೇ ಎತ್ತಿಕೊಂಡು, ಅವರನ್ನು ಗುರುತಿಸಿ ಪುನರ್ವಸತಿ ಮಾಡಬೇಕೆಂದು ರಾಜ್ಯಗಳಿಗೆ ಸೂಚಿಸಿತು.

ಅಮೆರಿಕದಲ್ಲಿ ಮನೆಯಿಲ್ಲದ ಮಕ್ಕಳ ಶಿಕ್ಷಣಕ್ಕೆ 1987ರಿಂದಲೇ ಪ್ರತ್ಯೇಕ ಕಾನೂನು ಉಂಟು. ದಾಖಲೆ ಇಲ್ಲದಿದ್ದರೂ ಕೂಡಲೇ ಸೇರಿಸಿಕೊಳ್ಳಬೇಕು ಎಂಬ ನಿಯಮ ಇಲ್ಲಿನಂತೆಯೇ. ಆದರೆ ಅಲ್ಲಿ ಪ್ರತಿ ಶಾಲಾ ಜಿಲ್ಲೆಯಲ್ಲೂ ಈ ಮಕ್ಕಳಿಗೆಂದೇ ಒಬ್ಬರನ್ನು ನೇಮಿಸಿರಬೇಕು. ಇಲ್ಲಿ ಹಾಗಿಲ್ಲ. ವಲಸೆ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆ ಸ್ಥಳೀಯ ಪ್ರಾಧಿಕಾರದ್ದು ಎನ್ನುತ್ತದೆ 9ನೇ ಸೆಕ್ಷನ್. ಅಂದರೆ ಗ್ರಾಮ ಪಂಚಾಯತ್, ಬಂಟ್ವಾಳ ಮತ್ತು ಮೂಡುಬಿದಿರೆಯ ಪುರಸಭೆ, ಬೆಳ್ತಂಗಡಿಯ ಪಟ್ಟಣ ಪಂಚಾಯತ್. ಕೋರೆಗೆ, ಕಟ್ಟಡಕ್ಕೆ ಪರವಾನಗಿ ಕೇಳಿಕೊಂಡು ಬರುವವರ ಹತ್ತಿರ ಕೆಲಸದವರ ಮಕ್ಕಳೆಷ್ಟು ಎಂದು ಒಂದು ಮಾತು ಕೇಳಿದರೆ ಅರ್ಧ ಪಟ್ಟಿ ಅಲ್ಲೇ ಸಿಗುತ್ತದೆ. ಇದಕ್ಕೆ ಹೊಸ ಕಾನೂನು ಬೇಡ.

ಪೇಟೆಯ ಅಂಗಡಿಯವರಿಗೂ ಇದರಲ್ಲಿ ಪಾಲಿದೆ. ಶಾಲೆ ಸಿಗದ ಹುಡುಗ ಕೊನೆಗೆ ಬಂದು ನಿಲ್ಲುವುದು ಹೋಟೆಲ್, ಗ್ಯಾರೇಜ್ ಎದುರು. ಪಾಪ, ಊಟಕ್ಕಾದರೂ ಆಯ್ತಲ್ಲ ಎಂದು ಇಟ್ಟುಕೊಂಡವರೂ ಕಾನೂನಿಗೆ ಸಿಕ್ಕಿಬೀಳುತ್ತಾರೆ. 2016ರ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನವರನ್ನು ದುಡಿಸಿದರೆ 6 ತಿಂಗಳಿಂದ 2 ವರ್ಷ ಜೈಲು, 20 ಸಾವಿರದಿಂದ 50 ಸಾವಿರ ರೂ. ದಂಡ, ಅಥವಾ ಎರಡೂ. ಅದರ ಬದಲು 1098ಕ್ಕೆ ಒಂದು ಫೋನ್ ಮಾಡಬಹುದು, ದುಡ್ಡು ಖರ್ಚಿಲ್ಲ.

ಶಾಲೆ ಸೇರಿಸಿಕೊಳ್ಳದಿದ್ದರೆ ಮೊದಲು ಬಿಇಒ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬಾಯಿಮಾತಿನ ದೂರಿಗೆ ಉತ್ತರವೂ ಬಾಯಿಮಾತಿನದ್ದೇ. ಅಲ್ಲೂ ಆಗದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ, ವಕೀಲರು ಉಚಿತ.

ಉಳಿದದ್ದು ದೊಡ್ಡ ಮಕ್ಕಳ ಪ್ರಶ್ನೆ. 13ನೇ ವಯಸ್ಸಿಗೆ ಮೊದಲ ಸಲ ಶಾಲೆಗೆ ಬಂದ ಹುಡುಗಿಯನ್ನು ಒಂದನೇ ಕ್ಲಾಸಿನಲ್ಲಿ ಕೂರಿಸುವುದಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. 14 ದಾಟಿದರೂ ಎಂಟನೇ ತರಗತಿ ಮುಗಿಯುವ ತನಕ ಉಚಿತ ಶಿಕ್ಷಣ ಅವಳ ಹಕ್ಕು. ಒಂಬತ್ತನೇ ತರಗತಿಯ ಬಗ್ಗೆ ಈ ಕಾಯ್ದೆ ಏನೂ ಹೇಳುವುದಿಲ್ಲ.