ಮೊದಲೇ ಹೇಳಬೇಕು, ಆಮೇಲಲ್ಲ

ನೆಟ್‌ವರ್ಕ್ ಡ್ರೈವರ್ ಅಂದ್ರೆ ಪ್ಯಾಕೆಟ್ ಕಳಿಸೋದು, ಪ್ಯಾಕೆಟ್ ತಗೊಳ್ಳೋದು ಅಷ್ಟೇ ಅಂತ ನಾವು ವಿದ್ಯಾರ್ಥಿಗಳು ಅಂದುಕೊಂಡುಬಿಡುತ್ತೇವೆ. ವೇಗ ಎಷ್ಟು ಬಂತು ಅನ್ನೋದೇ ನಮ್ಮ ಚಿಂತೆ. ಆದರೆ ಡ್ರೈವರ್ ಒಂಟಿಯಲ್ಲ. ಒಂದೇ ಕಾರ್ಡಿಗೆ ಈಥರ್ನೆಟ್ ಭಾಗ ಬೇರೆ, ಆರ್‌ಡಿಎಂಎ ಭಾಗ ಬೇರೆ ಇರಬಹುದು. ಮೇಲೆ ವಿಎಲ್ಯಾನ್, ಬಾಂಡಿಂಗ್, ಬ್ರಿಡ್ಜ್. ಒಂದರಲ್ಲಾದ ಬದಲಾವಣೆ ಇನ್ನೊಂದಕ್ಕೆ ಯಾವಾಗ ತಿಳಿಯಬೇಕು? ಈ ಪ್ರಶ್ನೆಯನ್ನು ಕೋಡ್ ಬರೆಯುವ ಮುಂಚೆಯೇ ಕೇಳಬೇಕು ಅನ್ನೋದು ನಮ್ಮ ಅಭಿಪ್ರಾಯ.

ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆಂದೇ ನೋಟಿಫೈಯರ್ ಚೈನ್ ಇದೆ. ಸುದ್ದಿ ಬೇಕಾದ ಭಾಗ ತನ್ನ ಫಂಕ್ಷನ್ ನೋಂದಾಯಿಸುತ್ತದೆ. ಏನಾದರೂ ನಡೆದಾಗ ಕರ್ನಲ್ ಒಂದೊಂದನ್ನೇ ಕರೆದು ಹೇಳುತ್ತದೆ. ಅದು ಹೇಳುವ ರೀತಿ ನೋಡಿ. ಇಂಟರ್‌ಫೇಸ್ ನಿಲ್ಲುವ ಮುಂಚೆ ‘ಗೋಯಿಂಗ್ ಡೌನ್’, ನಿಂತ ಮೇಲೆ ‘ಡೌನ್’: ಎರಡು ಸಲ ಸುದ್ದಿ. ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು 1500ರಿಂದ 9000ಕ್ಕೆ ಏರಿಸುವ ಮುಂಚೆಯೂ ಕೇಳುತ್ತದೆ. ಯಾರಾದರೂ ‘ಆಗಲ್ಲ’ ಅಂದರೆ ಬದಲಾವಣೆ ಅಲ್ಲಿಗೇ ನಿಲ್ಲುತ್ತದೆ. ತಡವಾಗಿ ನೋಂದಾಯಿಸಿದವರಿಗೂ ಆಗಲೇ ಇರುವ ಇಂಟರ್‌ಫೇಸ್‌ಗಳ ಸುದ್ದಿ ಮತ್ತೆ ಸಿಗುತ್ತದೆ.

ಇಷ್ಟೆಲ್ಲ ಯಾಕೆ? ಸಾಧನವನ್ನು ತೆಗೆದುಹಾಕಿ, ಮೆಮೊರಿ ಬಿಟ್ಟುಕೊಟ್ಟ ಮೇಲೆ ಹೇಳಿದರೆ ಅದು ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಕೊಟ್ಟ ಹಾಗೆ. ಅಷ್ಟರಲ್ಲಿ ಇನ್ನೊಂದು ಭಾಗ ಅದೇ ಮೆಮೊರಿಗೆ ಕೈಹಾಕಿದರೆ ಇಡೀ ಸರ್ವರ್ ಕುಸಿಯಬಹುದು. ಸುದ್ದಿ ಕೇಳಿಯೂ ಹಿಡಿದದ್ದನ್ನು ಬಿಡದಿದ್ದರೆ ಇನ್ನೊಂದು ಫಜೀತಿ: ಕರ್ನಲ್ ಆ ಸಾಧನ ಬಿಡುವಾಗಲಿ ಎಂದು ಕಾಯುತ್ತಾ, ಲಾಗ್‌ನಲ್ಲಿ ಅದನ್ನೇ ಮತ್ತೆ ಮತ್ತೆ ಬರೆಯುತ್ತಾ ಕೂರುತ್ತದೆ.

‘ಎಲ್ಲರಿಗೂ ಹೇಳ್ತಾ ಕೂತ್ರೆ ಕೆಲಸ ನಿಧಾನ ಆಗಲ್ವಾ?’ ಅಂತ ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಈ ಕರೆಗಳು ಸಾಮಾನ್ಯವಾಗಿ ಆರ್‌ಟಿಎನ್‌ಎಲ್ ಎಂಬ ಲಾಕ್ ಹಿಡಿದುಕೊಂಡೇ ನಡೆಯುತ್ತವೆ. ಒಬ್ಬ ತಡಮಾಡಿದರೆ ಬೇರೆ ಇಂಟರ್‌ಫೇಸ್‌ಗಳ ಸೆಟ್ಟಿಂಗ್ ಬದಲಾವಣೆಯೂ ಕಾಯಬೇಕು. ಹಾಗಂತ ಸುದ್ದಿ ಹೇಳೋದನ್ನೇ ಬಿಡೋದು ಪರಿಹಾರವಲ್ಲ. ಕೇಳಿಸಿಕೊಳ್ಳುವವರಿಗೂ ಶಿಸ್ತು ಬೇಕು: ತುರ್ತಿನದ್ದನ್ನು ಅಲ್ಲೇ ಮುಗಿಸಿ, ನಿಧಾನದ ಕೆಲಸವನ್ನು ವರ್ಕ್‌ಕ್ಯೂಗೆ ಹಾಕಬೇಕು.

ಹಾಗಾಗಿ ಈ ವರ್ಷ ಪ್ರಾಜೆಕ್ಟ್ ಮಾಡುವ ಗೆಳೆಯರಿಗೆ ನಮ್ಮದೊಂದು ವಿನಂತಿ. ಮೊದಲ ಫಂಕ್ಷನ್ ಬರೆಯುವ ಮುಂಚೆ ಒಂದು ಹಾಳೆ ತಗೊಳ್ಳಿ. ಯಾವ ಸುದ್ದಿ, ಅದು ಮುಂಚೆಯೋ ಆಮೇಲೋ, ಬೇಡ ಅನ್ನಬಹುದೋ ಇಲ್ಲವೋ, ಕೊನೆಗೆ ಸ್ವಚ್ಛ ಮಾಡೋರು ಯಾರು ಅಂತ ಬರೆದಿಡಿ. ಅರ್ಧ ಗಂಟೆ ಸಾಕು. ಅದಿಲ್ಲದಿದ್ದರೆ ಡೆಮೋ ದಿನ ಕಾರ್ಡ್ ತೆಗೆದಾಗಲೇ ಗೊತ್ತಾಗೋದು.