ಹರಿಗೋಲಿನಲ್ಲಿ ಇಬ್ಬರು

ಮೂವತ್ತು ವರುಷ ಶಾಲೆಯಲ್ಲಿ ವಿಜಯನಗರದ ಇತಿಹಾಸವನ್ನು ಬೋಧಿಸಿದ ನಾವು, ನಮ್ಮ ಭಾಗ್ಯನಗರದಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಹಂಪೆಯನ್ನು ಗೃಹಿಣಿಗೆ ತೋರಿಸಿರಲಿಲ್ಲವೆಂಬುದು ನಾಚಿಕೆಯ ಮಾತೇ ಸರಿ. ಪ್ರತಿವರ್ಷವೂ ಹುಡುಗರನ್ನು ಹೊಳೆ ದಾಟಿಸಿ ಕರೆದೊಯ್ಯುತ್ತಿದ್ದೆವು. ನಮಗೆ ಬುತ್ತಿ ಕಟ್ಟಿಕೊಡುತ್ತಿದ್ದವಳು ಮಾತ್ರ ಆಕೆ.

ಕಳೆದ ಮಾಘಮಾಸದಲ್ಲಿ ಆ ಋಣವನ್ನು ತೀರಿಸಹೊರಟೆವು. ಗಂಗಾವತಿಯ ಮಾರ್ಗವಾಗಿ ಆನೆಗೊಂದಿಯನ್ನು ಸೇರಿ, ಗಗನಮಹಲನ್ನು ನೋಡಿಕೊಂಡು, ತುಂಗಭದ್ರೆಯ ದಡದಲ್ಲಿ ಹರಿಗೋಲನ್ನೇರಿದೆವು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು, ಬೆತ್ತದಿಂದ ಹೆಣೆದು ಚರ್ಮ ಹೊದಿಸಿದ, ಬುಟ್ಟಿಯಂತೆ ದುಂಡಗಿನ ಈ ದೋಣಿಗಳನ್ನು ವರ್ಣಿಸಿರುವನು. ಅವು ಸದಾ ಸುತ್ತುತ್ತಲೇ ಸಾಗುವುವೆಂದೂ ಬರೆದಿರುವನು. ಈಗ ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಸುತ್ತುವ ಸ್ವಭಾವವು ಹೋಗಿಲ್ಲ.

ಹೊಳೆಯಲ್ಲಿ ನಿಂತಿರುವ ಪುರಾತನ ಸೇತುವೆಯ ಕಲ್ಲುಕಂಬಗಳನ್ನು ತೋರಿಸುತ್ತ, 1336ರಿಂದ 1565ರ ವರೆಗಿನ ಪಾಠವನ್ನು ನಾವು ಆರಂಭಿಸಿದೆವು. ಆಕೆ ನಕ್ಕು, “ಇಸವಿ ಆಮ್ಯಾಲೆ ಹೇಳೀರಂತ, ಮೊದಲು ಹೊಳಿ ನೋಡ್ರಿ” ಎಂದಳು. ನಾವು ಮೌನವನ್ನು ತಾಳಿದೆವು. ದೋಣಿಯು ಸುತ್ತಿದಂತೆ ಆನೆಗೊಂದಿಯ ಗುಡ್ಡಗಳೂ ಹಂಪೆಯ ಬಂಡೆಗಳೂ ಸರದಿಯಂತೆ ಆಕೆಯ ಎದುರಿಗೆ ಬಂದುವು. ಎಷ್ಟೋ ಸಲ ದಾಟಿದ ಹೊಳೆಯನ್ನು ನಾವೂ ಅಂದೇ ಕಂಡೆವು.

ಆಚೆಯ ದಡದಲ್ಲಿ ವಿಠ್ಠಲನ ಗುಡಿಯ ಕಲ್ಲಿನ ರಥವನ್ನು ಆಕೆ ಬಹಳ ಹೊತ್ತು ನೋಡುತ್ತ ನಿಂತಳು. ಬುತ್ತಿಯ ಗಂಟನ್ನು ಅಂದು ನಾವೇ ಹೊತ್ತಿದ್ದೆವು. ವಾಚಕ ಗೃಹಸ್ಥರೇ, ಸಮೀಪದ ಊರೆಂದು ನಾಳೆಗೆ ನೂಕಬೇಡಿರಿ. ಬುತ್ತಿ ಕಟ್ಟಿದವರಿಗೂ ದೋಣಿಯಲ್ಲಿ ಸ್ಥಳವಿದೆ.