ತೂಕ ಇಳಿಸಲು ರೊಟ್ಟಿಯನ್ನೇ ಬಿಡಬೇಕೆ?

ತೂಕ ಇಳಿಸಿಕೊಳ್ಳುವ ಸಲುವಾಗಿ ಅನ್ನ, ರೊಟ್ಟಿಗಳನ್ನು ಪೂರ್ತಿ ತ್ಯಜಿಸಿದ್ದೇವೆ ಎನ್ನುವವರು ಈಚೆಗೆ ನಮ್ಮಲ್ಲಿಗೆ ಚಿಕಿತ್ಸೆಗಾಗಿ ಬರುತ್ತಿದ್ದಾರೆ. ಮೊದಲ ತಿಂಗಳು ತೂಕ ಇಳಿದಿರುತ್ತದೆ. ಅನಂತರ ಮಲಬದ್ಧತೆ, ನಿಶ್ಶಕ್ತಿಗಳು ತಲೆದೋರಿ ನೇಮ ಮುರಿಯುತ್ತದೆ. ಇಳಿದ ತೂಕವೂ ಮರಳುತ್ತದೆ. ಪಿಷ್ಟವನ್ನು ಕಡಿಮೆ ಮಾಡಬೇಕೆಂಬ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ತೆರವಾದ ಸ್ಥಳದಲ್ಲಿ ಏನು ಬರಬೇಕೆಂದು ಇವರು ವಿಚಾರಿಸಿಲ್ಲವೆಂಬುದೇ ನಮ್ಮ ಆಕ್ಷೇಪ.

ನಮ್ಮ ಭಾಗದ ಊಟದಲ್ಲಿ ಮೂರು ರೊಟ್ಟಿ, ಮೇಲೆ ಅನ್ನ, ತಿಳಿಸಾರು. ಹಬ್ಬವಾದರೆ ಗೋಧಿ ಹುಗ್ಗಿ. ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ, ಪ್ರೋಟೀನು 8 ಗ್ರಾಂ ಮಾತ್ರ. ಅಷ್ಟೇ ತೂಕದ ಹೆಸರು, ತೊಗರಿ, ಹುರುಳಿಗಳಲ್ಲಿ ಪ್ರೋಟೀನು ಸುಮಾರು 22 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರದಿರಲೆಂದು ಹೇಳುತ್ತದೆ. ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ.

ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಸ್ಥೂಲರಿಗೆ ಗುರುವೂ ಅಪತರ್ಪಣವೂ ಆದ, ಎಂದರೆ ಹಸಿವನ್ನು ತಣಿಸಿಯೂ ಮೇದಸ್ಸನ್ನು ಬೆಳೆಸದ ಆಹಾರವನ್ನು ವಿಧಿಸಿದೆ. ಅಲ್ಲಿ ನವಣೆ, ಸಾವೆ, ಹಾರಕ, ಜವೆಗೋಧಿಗಳ ಸಂಗಡವೇ ಹೆಸರು, ಹುರುಳಿ, ತೊಗರಿಗಳ ಹೆಸರಿದೆ. ಆದ್ದರಿಂದ ಮೂರು ರೊಟ್ಟಿಯ ಸ್ಥಳದಲ್ಲಿ ಒಂದು ರೊಟ್ಟಿ, ಹಿಡಿಯಷ್ಟು ಅನ್ನ, ಬಟ್ಟಲು ತುಂಬ ಗಟ್ಟಿಬೇಳೆ ಅಥವಾ ಮೊಳಕೆಕಾಳಿನ ಪಲ್ಯ, ಹಸಿಸೊಪ್ಪು, ಮಜ್ಜಿಗೆ ಇರಲಿ.

ಹಿರಿಯರಿಗೆ ಹೊಲದ ಕಾಯಕವೇ ವ್ಯಾಯಾಮವಾಗಿತ್ತು. ಎತ್ತಿನ ಬದಲು ಟ್ರ್ಯಾಕ್ಟರ್ ಬಂದರೂ ರೊಟ್ಟಿಯ ಲೆಕ್ಕ ಹಾಗೆಯೇ ಉಳಿಯಿತು. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ, ಎರಡು ದಿನ ಸೂರ್ಯನಮಸ್ಕಾರ ಅಥವಾ ಬೈಠಕ್ ಅವಶ್ಯ. ಕೇವಲ ಊಟ ಕಡಿಮೆ ಮಾಡಿದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಕಾಳು ಮತ್ತು ದುಡಿಮೆ ಎರಡೂ ಸೇರಿದಾಗ ಅದು ಉಳಿಯುತ್ತದೆ. ಅರ್ಧಶಕ್ತಿಯವರೆಗೆ ಮಾತ್ರ ವ್ಯಾಯಾಮವೆಂಬ ಆಯುರ್ವೇದದ ಮಿತಿಯನ್ನು ಮರೆಯಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಪಿಷ್ಟ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅವರೂ ಮೂತ್ರಪಿಂಡದ ರೋಗಿಗಳೂ ತಮ್ಮ ವೈದ್ಯರನ್ನು ಕೇಳಿಯೇ ಆಹಾರ ಬದಲಿಸಬೇಕು.

ದಾಸೋಹದಲ್ಲಿ ಏನು ಮಾಡಬೇಕೆಂದು ಸದ್ಭಕ್ತರು ನಮ್ಮನ್ನು ಕೇಳುತ್ತಾರೆ. ಪ್ರಸಾದವನ್ನು ಕೆಡಿಸಬಾರದೆಂಬ ನಿಯಮ ನಮಗೆಲ್ಲ ಗೊತ್ತು. ಹೆಚ್ಚು ನೀಡಿಸಿಕೊಂಡು ಸಂಕಟದಿಂದ ಮುಗಿಸುವುದನ್ನು ಆ ನಿಯಮ ಬಯಸುವುದಿಲ್ಲ. ಹುಗ್ಗಿ ಬಂದಾಗ ಕೈಮುಗಿದು "ಒಂದು ಚಮಚ ಸಾಕ್ರಿ" ಎನ್ನಿರಿ; ಅದನ್ನು ಭಕ್ತಿಯಿಂದ ಪೂರ್ತಿ ಸ್ವೀಕರಿಸಿರಿ. ದಾಸೋಹದ ಅಡುಗೆ ನೋಡಿಕೊಳ್ಳುವ ಹಿರಿಯರಲ್ಲಿಯೂ ನಮ್ಮದೊಂದು ಅರಿಕೆಯುಂಟು: ಸಾರಿಗೆ ಬೇಳೆ ಇನ್ನಷ್ಟು ಬೀಳಲಿ, ಪಂಕ್ತಿಯಲ್ಲಿ ಕಾಳುಪಲ್ಯ ಎರಡನೆಯ ಸಲವೂ ಬರಲಿ.